ಹಕೀಮ್ ಅಜ್ಮಲ್ ಖಾನ್ ಮತ್ತು ನಮ್ಮ ದಾದಾ ಅವರ ಚೀಟಿ

ಫೆಬ್ರವರಿ ತಿಂಗಳು ಬಂದರೆ ವಿಜ್ಞಾನ ವಿಭಾಗದವರಿಗೆ ಪ್ರಾಯೋಗಿಕ ಪರೀಕ್ಷೆ, ನಮ್ಮಂಥ ವಾಣಿಜ್ಯ ವಿಭಾಗದವರಿಗೆ ಬ್ಯಾಲೆನ್ಸ್ ಶೀಟ್ ತಾಳೆಯಾಗದ ಚಿಂತೆ. ಈ ಗಡಿಬಿಡಿಯಲ್ಲಿ ಫೆಬ್ರವರಿ 11 ಯುನಾನಿ ದಿನ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗ್ರಂಥಾಲಯದ ಸೂಚನಾ ಫಲಕದಲ್ಲಿ ಬರೆದಿದ್ದನ್ನು ನೋಡಿದೆ. ಅದು ಹಕೀಮ್ ಅಜ್ಮಲ್ ಖಾನ್ ಅವರು ಹುಟ್ಟಿದ ದಿನವಂತೆ. ಆ ಹೆಸರನ್ನು ನಾನು ಇತಿಹಾಸ ಪುಸ್ತಕದಲ್ಲಿ ಖಿಲಾಫತ್ ಚಳವಳಿಯ ಪಾಠದಲ್ಲಿ ಓದಿದ್ದೆ. ಅವರು ರೋಗಿಗಳ ನಾಡಿ ಹಿಡಿಯುತ್ತಿದ್ದ ವೈದ್ಯರೆಂಬುದು ಮಾತ್ರ ತಲೆಯಲ್ಲಿ ಉಳಿದಿರಲಿಲ್ಲ. ಈ ಸಲ ಅವರ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದಕ್ಕೆ ನಮ್ಮ ಮನೆಯ ಒಂದು ಹಳೆಯ ಚೀಟಿ ಕಾರಣ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮ ದಾದಾ ಲಾರಿ ಚಾಲಕರಾಗಿದ್ದರು. ಸಂಡೂರಿನ ಗಣಿಯಿಂದ ಹೊಸಪೇಟೆಗೆ ಅದಿರು ತರುತ್ತಿದ್ದರು. ಆ ರಸ್ತೆಯ ಕೆಂಪು ಧೂಳು ಎಂಥದ್ದೆಂದು ಸಂಡೂರಿನಿಂದ ಬಸ್ಸಿಗೆ ಬರುವ ನನ್ನ ಗೆಳೆಯರಿಗೆ ಹೇಳಬೇಕಾಗಿಲ್ಲ. ದಾದಾ ಅವರಿಗೆ ಒಣಕೆಮ್ಮು ಹಿಡಿಯಿತು, ವರ್ಷಗಟ್ಟಲೆ ಬಿಡಲಿಲ್ಲ. ಕೊನೆಗೆ ಕಂಪ್ಲಿಯಲ್ಲಿದ್ದ ಒಬ್ಬ ಹಕೀಮರ ಹತ್ತಿರ ಹೋದರು. ಅವರು ಉರ್ದುವಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. ನಾವು ಅದಕ್ಕೆ ನುಸ್ಖಾ ಎನ್ನುತ್ತೇವೆ. ಮೇಲ್ಗಡೆ ಹುವಶ್ಶಾಫಿ ಎಂದು ಬರೆದಿದೆ, ಅಂದರೆ ಗುಣಪಡಿಸುವವನು ಅವನೇ. ಹಕೀಮರು ಚೀಟಿಯನ್ನು ಶುರು ಮಾಡುವುದೇ ಹಾಗೆ. ಕೆಳಗೆ ಉನ್ನಾಬ್ ಇಷ್ಟು ಕಾಳು, ಸಪಿಸ್ತಾನ್ ಇಷ್ಟು ಕಾಳು, ಮುಲೇಠಿ ಇಷ್ಟು ಮಾಷಾ, ಗಾವ್‌ಜುಬಾನ್, ಖತ್ಮಿ ಹೀಗೆ ಪಟ್ಟಿ. ಒಂದು ತೊಲೆಗೆ ಹನ್ನೆರಡು ಮಾಷಾ, ಆದ್ದರಿಂದ ಒಂದು ಮಾಷಾ ಎಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಪ್ರಮಾಣವನ್ನು ನಾನು ಬೇಕಂತಲೇ ಇಲ್ಲಿ ಬರೆಯುತ್ತಿಲ್ಲ.

ಸಪಿಸ್ತಾನ್ ಎಂದರೆ ಏನೋ ಇರಾನಿನ ವಸ್ತು ಎಂದುಕೊಂಡಿದ್ದೆ. ಗ್ರಂಧಿಗೆ ಅಂಗಡಿಯವರು ತೋರಿಸಿದಾಗ ನೋಡಿದರೆ ಅದು ನಮ್ಮ ಚಳ್ಳೆಹಣ್ಣು! ಹಂಪಿ ಕಡೆಯಿಂದ ಬರುವ ನನ್ನ ಸಹಪಾಠಿಯ ಮನೆಯಲ್ಲಿ ಅದರ ಕಾಯಿಯಿಂದ ಉಪ್ಪಿನಕಾಯಿ ಹಾಕುತ್ತಾರೆ. ಕನ್ನಡದಲ್ಲಿ ಚಳ್ಳೆಹಣ್ಣು ತಿನ್ನಿಸುವುದು ಎಂದರೆ ಮೋಸ ಮಾಡುವುದು. ಹಕೀಮರು ಅದನ್ನೇ ಕೊಟ್ಟು ಕೆಮ್ಮು ಇಳಿಸುತ್ತಿದ್ದರು. ದಾದಾ ಅವರಿಗೆ ಅದರಿಂದ ಆರಾಮ ಎನಿಸುತ್ತಿತ್ತು ಎಂದು ದಾದಿ ಹೇಳುತ್ತಾರೆ. ದಾದಾ ತೀರಿಕೊಂಡ ಮೇಲೂ ಚೀಟಿ ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿಯಿತು.

2020ರಲ್ಲಿ ಕೊರೋನಾ ಬಂದಾಗ ಊರೆಲ್ಲ ಕಷಾಯ ಕುಡಿಯುತ್ತಿತ್ತು. ನಮ್ಮ ಮನೆಯವರೂ ಡಬ್ಬಿ ತೆಗೆದರು. ದಾದಾ ಅವರ ಚೀಟಿಯ ಪ್ರಕಾರ ದೊಡ್ಡ ಪಾತ್ರೆಯಲ್ಲಿ ಜೋಷಾಂದಾ ಕುದಿಸಿ ಎಲ್ಲರಿಗೂ ಒಂದೊಂದು ಲೋಟ. ರುಚಿ ಬರಲೆಂದು ಮುಲೇಠಿಯನ್ನು, ಅಂದರೆ ಜೇಷ್ಠಮಧುವನ್ನು, ಅಳತೆ ನೋಡದೆ ಹಿಡಿಗಟ್ಟಲೆ ಹಾಕಿದರು. ನನಗೆ ಆಗ ಹನ್ನೆರಡು ವರ್ಷ, ಸಿಹಿಯಾಗಿದ್ದರಿಂದ ಎರಡನೇ ಲೋಟವನ್ನೂ ಕೇಳುತ್ತಿದ್ದೆ. ದಾದಿಗೆ ಮೊದಲಿನಿಂದಲೂ ಬಿಪಿ. ಅವರು ದಿನಕ್ಕೆ ಎರಡು ಸಲ, ಸುಮಾರು ಎರಡು ತಿಂಗಳು ಕುಡಿದರು. ಕಾಲು ಊದಿಕೊಂಡವು. ತಲೆ ತಿರುಗಿ ಬಚ್ಚಲ ಬಾಗಿಲಲ್ಲಿ ಬಿದ್ದರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ ಬಿಪಿ ಬಹಳ ಏರಿತ್ತು. ಏನೇನು ತಿನ್ನುತ್ತೀರಿ, ಕುಡಿಯುತ್ತೀರಿ ಎಂದು ಅವರು ಕೇಳುತ್ತಾ ಹೋದರು, ಕೊನೆಗೆ ಜೇಷ್ಠಮಧುವಿನ ಹತ್ತಿರ ನಿಂತರು. ಅದನ್ನು ಹೆಚ್ಚು ದಿನ ತೆಗೆದುಕೊಂಡರೆ ದೇಹದಲ್ಲಿ ಉಪ್ಪು ಮತ್ತು ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ನಿಲ್ಲಿಸಿದ ಮೇಲೆ ದಾದಿ ನಿಧಾನವಾಗಿ ಸುಧಾರಿಸಿದರು. ಚೀಟಿಯ ಮೂಲೆಯಲ್ಲಿ ದಾದಾ ಅವರ ಹೆಸರು, ವಯಸ್ಸು ಎರಡೂ ಇದ್ದವು. ನಾವು ಯಾರೂ ಅದನ್ನು ಓದಿರಲಿಲ್ಲ.

ಈ ಘಟನೆ ತಲೆಯಲ್ಲಿ ಇಟ್ಟುಕೊಂಡೇ ನಾನು ಅಜ್ಮಲ್ ಖಾನ್ ಅವರ ಜೀವನವನ್ನು ಓದಿದ್ದು.

ಅವರು 1868ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ಚಾಂದನಿ ಚೌಕದ ಪಕ್ಕದ ಬಲ್ಲೀಮಾರಾನ್ ಗಲ್ಲಿಯಲ್ಲಿ ಷರೀಫ್ ಮಂಜಿಲ್ ಎಂಬುದು ಅವರ ಮನೆ. ವಂಶದ ಹಿರಿಯರಾದ ಹಕೀಮ್ ಷರೀಫ್ ಖಾನ್ ಮೊಘಲ್ ಬಾದಷಹ ಷಾ ಆಲಂ ಅವರ ವೈದ್ಯರಾಗಿದ್ದರು, ಮನೆಗೆ ಅವರದೇ ಹೆಸರು. ಕವಿ ಗಾಲಿಬ್ ಇದ್ದದ್ದೂ ಅದೇ ಬಲ್ಲೀಮಾರಾನ್‌ನಲ್ಲಿ. 1857ರ ದಂಗೆ ಮುಗಿದು ದೆಹಲಿಯನ್ನು ಇಂಗ್ಲಿಷರು ಲೂಟಿ ಮಾಡುತ್ತಿದ್ದಾಗ ಈ ಗಲ್ಲಿ ಮಾತ್ರ ಉಳಿಯಿತು. ಕಾರಣ, ಈ ಕುಟುಂಬದ ಹಕೀಮರು ಪಟಿಯಾಲದ ಮಹಾರಾಜರಿಗೆ ವೈದ್ಯರು, ಮಹಾರಾಜರ ಸಿಪಾಯಿಗಳು ಗಲ್ಲಿಗೆ ಕಾವಲು ನಿಂತಿದ್ದರು. ಒಂದು ಕುಟುಂಬದ ವೈದ್ಯಕೀಯ ಒಂದು ಇಡೀ ಬೀದಿಯನ್ನು ಉಳಿಸಿತು. ಅಜ್ಮಲ್ ಖಾನ್ ಹುಟ್ಟಿದ್ದು ಅದಾದ ಹನ್ನೊಂದು ವರ್ಷಕ್ಕೆ.

ಬಾಲ್ಯದಲ್ಲೇ ಕುರ್‌ಆನ್ ಕಂಠಪಾಠ ಮಾಡಿ ಹಾಫಿಜ್ ಆದರು. ಅರಬ್ಬಿ, ಫಾರಸಿ ಕಲಿತರು. ವೈದ್ಯವನ್ನು ತಂದೆ ಹಕೀಮ್ ಮಹಮೂದ್ ಖಾನ್ ಮತ್ತು ಅಣ್ಣಂದಿರ ಪಕ್ಕದಲ್ಲಿ ಕೂತು ಕಲಿತರು. 1892ರಲ್ಲಿ ರಾಂಪುರದ ನವಾಬರ ಆಸ್ಥಾನಕ್ಕೆ ಮುಖ್ಯ ವೈದ್ಯರಾಗಿ ಹೋದರು. ಅಲ್ಲಿಯ ಹೆಸರಾಂತ ಗ್ರಂಥಾಲಯದ ಜವಾಬ್ದಾರಿಯೂ ಅವರದಾಯಿತು. ಸುಮಾರು ಹತ್ತು ವರ್ಷ ಅಲ್ಲಿದ್ದು, ಅಣ್ಣ ತೀರಿಕೊಂಡ ಮೇಲೆ ದೆಹಲಿಗೆ ಮರಳಿದರು.

ಷರೀಫ್ ಮಂಜಿಲ್‌ನಲ್ಲಿ ರೋಗಿ ಬಂದು ಕೂತರೆ ಏನಾಗುತ್ತಿತ್ತು ಎಂದು ತಿಳಿಯಲು ಯುನಾನಿಯ ಕ್ರಮ ಸ್ವಲ್ಪ ಗೊತ್ತಿರಬೇಕು. ಯುನಾನ್ ಎಂದರೆ ಗ್ರೀಸ್. ಬುಖ್ರಾತ್ ಮತ್ತು ಜಾಲೀನೂಸ್ ಎಂದು ನಮ್ಮ ಹಕೀಮರು ಕರೆಯುವವರು ಹಿಪ್ಪೊಕ್ರೆಟಿಸ್ ಮತ್ತು ಗೇಲನ್. ಅವರ ವಿದ್ಯೆಯನ್ನು ಅರಬರು ಬೆಳೆಸಿದರು. ಇಬ್ನ್ ಸೀನಾ ಬರೆದ ಅಲ್ ಖಾನೂನ್ ಗ್ರಂಥದ ಐದನೇ ಭಾಗ ಪೂರ್ತಿಯಾಗಿ ಮಿಶ್ರ ಔಷಧಗಳ ಬಗ್ಗೆಯೇ ಇದೆ. ದೇಹದಲ್ಲಿ ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ರಸಗಳು, ಅಂದರೆ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಇವು ಒಬ್ಬೊಬ್ಬರಲ್ಲಿ ಒಂದೊಂದು ಹದದಲ್ಲಿರುತ್ತವೆ, ಆ ಹದವೇ ಅವರ ಮಿಜಾಜ್. ನಮ್ಮ ಮನೆಯಲ್ಲಿ ಮಿಜಾಜ್ ಹೇಗಿದೆ ಎಂದು ಯೋಗಕ್ಷೇಮ ಕೇಳುತ್ತಾರೆ, ಅದು ವೈದ್ಯಶಾಸ್ತ್ರದ ಮಾತೆಂದು ನನಗೆ ಗೊತ್ತಿರಲಿಲ್ಲ. (ಜೀವಶಾಸ್ತ್ರ ಓದುವ ಗೆಳೆಯರು ನಾಲ್ಕು ರಸಗಳ ಲೆಕ್ಕವನ್ನು ಒಪ್ಪುವುದಿಲ್ಲ. ನಾನು ಅವರೊಂದಿಗೆ ವಾದಕ್ಕೆ ಹೋಗುವುದಿಲ್ಲ, ಹಕೀಮರು ಹೇಗೆ ಯೋಚಿಸುತ್ತಿದ್ದರು ಎಂದಷ್ಟೇ ಹೇಳುತ್ತಿದ್ದೇನೆ.)

ಹಕೀಮರು ಮೊದಲು ನಬ್ಜ್ ಅಂದರೆ ನಾಡಿ ನೋಡುತ್ತಾರೆ. ಮೂತ್ರ, ಮಲದ ಬಗ್ಗೆ ಕೇಳುತ್ತಾರೆ. ವಯಸ್ಸು, ಕಸುಬು, ಊರಿನ ಹವೆ, ಈಗ ಯಾವ ಕಾಲ, ನಿದ್ದೆ ಹೇಗೆ, ಊಟ ಏನು. ನಂತರ ಕಾಗದ ತೆಗೆಯುತ್ತಾರೆ. ಆ ಕಾಗದದಲ್ಲಿ ಮುಖ್ಯವಾದ ಒಂದು ಮೂಲಿಕೆ ಇರುತ್ತದೆ, ಅದಕ್ಕೆ ನೆರವಾಗುವ ಒಂದೆರಡು ಇರುತ್ತವೆ. ಮುಖ್ಯ ಮೂಲಿಕೆಯಿಂದ ಯಾವುದಾದರೂ ಅಂಗಕ್ಕೆ ತೊಂದರೆಯಾಗುವಂತಿದ್ದರೆ ಅದನ್ನು ಸರಿದೂಗಿಸಲು ಮುಸ್ಲಿಹ್ ಎಂಬ ಮತ್ತೊಂದನ್ನು ಸೇರಿಸುತ್ತಾರೆ. ಒಂದು ವಸ್ತು ಸಿಗದಿದ್ದರೆ ಅದರ ಬದಲ್ ಯಾವುದೆಂದೂ ಶಾಸ್ತ್ರದಲ್ಲಿದೆ. ಕೆಲವು ದಿನ ಬಿಟ್ಟು ರೋಗಿ ಮತ್ತೆ ಬಂದಾಗ ಪ್ರಮಾಣ ಬದಲಾಗಬಹುದು, ಒಂದು ಹೋಗಿ ಇನ್ನೊಂದು ಬರಬಹುದು. ಒಂದೇ ಕೆಮ್ಮು ಎಂದು ಬಂದ ಇಬ್ಬರಿಗೆ ಎರಡು ಚೀಟಿ. ಚೀಟಿ ಹಿಡಿದು ಅತ್ತಾರರ ಅಂಗಡಿಗೆ ಹೋದರೆ ಅವರು ತೂಗಿ, ಪೊಟ್ಟಣ ಕಟ್ಟಿಕೊಡುತ್ತಾರೆ. ದೆಹಲಿಯ ಅತ್ತಾರರ ಅಂಗಡಿಗೂ ನಮ್ಮ ಹೊಸಪೇಟೆಯ ಗ್ರಂಧಿಗೆ ಅಂಗಡಿಗೂ ಕೆಲಸ ಒಂದೇ.

ಅಜ್ಮಲ್ ಖಾನ್ ಅವರ ಮನೆಗೆ ಬಡವರು ಬಂದರೆ ಶುಲ್ಕವಿಲ್ಲ. ಆದರೆ ರಾಜರು, ನವಾಬರು ದೆಹಲಿಯಿಂದ ಹೊರಗೆ ಕರೆಸಿಕೊಂಡರೆ ದಿನಕ್ಕೆ ಸಾವಿರ ರೂಪಾಯಿ ತೆಗೆದುಕೊಳ್ಳುತ್ತಿದ್ದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಆ ಕಾಲದ ಸಾವಿರ! ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ನವಾಬರ ಹೊಟ್ಟೆನೋವಿನಿಂದ ಬಡವರ ಜ್ವರಕ್ಕೆ ಖರ್ಚು ನಡೆಯುತ್ತಿತ್ತು.

ಈಗ ನನಗೆ ತೊಡಕಾಗಿ ಕಂಡ ವಿಷಯಕ್ಕೆ ಬರುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆಯುವ ಈ ಮನುಷ್ಯರೇ ದೆಹಲಿಯಲ್ಲಿ ಹಿಂದೂಸ್ತಾನಿ ದವಾಖಾನಾ ಎಂಬ ಔಷಧ ತಯಾರಿಕಾ ಸಂಸ್ಥೆ ಕಟ್ಟಿದರು. ಅಲ್ಲಿ ಯುನಾನಿ ಮತ್ತು ಆಯುರ್ವೇದ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಲಾಗುತ್ತಿತ್ತು. ಎಲ್ಲರಿಗೂ ಒಂದೇ ಡಬ್ಬಿ, ಒಂದೇ ಬೆಲೆ. ಇದು ಅವರ ಶಾಸ್ತ್ರಕ್ಕೇ ವಿರುದ್ಧವಲ್ಲವೇ? ನಮ್ಮ ಮನೆಯಲ್ಲಿ ದೊಡ್ಡ ಪಾತ್ರೆ ಕುದಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮೊದಲು ಓದಿದಾಗ ನನಗೆ ಬೇಸರವಾಯಿತು.

ಕಾರಣ ಹುಡುಕಿದೆ. ಅಣ್ಣ ಅಬ್ದುಲ್ ಮಜೀದ್ ಖಾನ್ 1880ರ ದಶಕದಲ್ಲಿ ಮದ್ರಸಾ ತಿಬ್ಬಿಯಾ ಎಂಬ ವೈದ್ಯ ಶಾಲೆ ಸ್ಥಾಪಿಸಿದ್ದರು. ಅಲ್ಲಿಯವರೆಗೆ ಈ ವಿದ್ಯೆ ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಿಷ್ಯನಿಗೆ ಹೋಗುತ್ತಿತ್ತು. ಮನೆಯ ಒಳ್ಳೆಯ ನುಸ್ಖಾಗಳು ಗುಟ್ಟಾಗಿ ಉಳಿಯುತ್ತಿದ್ದವು. ಶಾಲೆ ನಡೆಸಲು ದುಡ್ಡು ಬೇಕು. ಸರ್ಕಾರಕ್ಕೆ ಹಕೀಮರು, ವೈದ್ಯರು ಬೇಕಾಗಿರಲಿಲ್ಲ. ಇಂಗ್ಲಿಷ್ ವೈದ್ಯ ಓದಿದವರನ್ನು ಮಾತ್ರ ನೋಂದಣಿ ಮಾಡುವ ಕಾಯ್ದೆಯನ್ನು ಮುಂಬಯಿ ಪ್ರಾಂತ್ಯ 1912ರಲ್ಲಿ ತಂದಿತು. ಇಂಥ ಗಾಳಿ ಬೀಸುತ್ತಿದೆ ಎಂದು ಮೊದಲೇ ಅರಿತು ಅಜ್ಮಲ್ ಖಾನ್ 1910ರಲ್ಲಿ ಆಯುರ್ವೇದದ ವೈದ್ಯರನ್ನೂ ಯುನಾನಿ ಹಕೀಮರನ್ನೂ ಒಂದೇ ಸಮ್ಮೇಳನದಲ್ಲಿ ಸೇರಿಸಿದರು. ಹೋದರೆ ಎರಡೂ ಹೋಗುತ್ತವೆ, ಉಳಿದರೆ ಎರಡೂ ಉಳಿಯುತ್ತವೆ ಎಂಬುದು ಅವರ ಲೆಕ್ಕ. ಅದರ ಹಿಂದಿನ ವರ್ಷವೇ ಹೆಂಗಸರಿಗೆ, ಸೂಲಗಿತ್ತಿಯರಿಗೆ ಕಲಿಸುವ ಶಾಲೆಯನ್ನೂ ತೆರೆದಿದ್ದರು.

1911ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಆಸ್ಪತ್ರೆ, ಕಾಲೇಜುಗಳನ್ನು ನೋಡಿ ಬಂದರು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಏನಾಗಿದೆ ಎಂಬ ಬಗ್ಗೆ ಅಲ್ಲಿಯ ದೊಡ್ಡ ಸರ್ಜನ್‌ಗೂ ಇವರಿಗೂ ಭಿನ್ನಾಭಿಪ್ರಾಯ ಬಂದು, ಹೊಟ್ಟೆ ತೆರೆದು ನೋಡಿದಾಗ ಇವರು ಹೇಳಿದ್ದೇ ಸರಿಯಾಗಿತ್ತು ಎಂಬ ಕಥೆ ಪ್ರಸಿದ್ಧ. ನನಗೆ ಈ ಕಥೆಗಿಂತ ಅವರು ಹಿಂದಿರುಗಿ ಮಾಡಿದ ಕೆಲಸ ಹೆಚ್ಚು ಇಷ್ಟ. ತಮ್ಮ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ, ಶಸ್ತ್ರಚಿಕಿತ್ಸೆ ಕಲಿಸಬೇಕೆಂದು ಪಟ್ಟು ಹಿಡಿದರು. ಹಳೆಯದರಲ್ಲಿ ಎಲ್ಲವೂ ಇದೆ ಎಂದು ಕೂರಲಿಲ್ಲ.

ಕರೋಲ್ ಬಾಗ್‌ನಲ್ಲಿ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿಗೆ 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. 1921ರ ಫೆಬ್ರವರಿಯಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಅಡಿಗಲ್ಲಿಗೆ ವೈಸರಾಯ್, ಉದ್ಘಾಟನೆಗೆ ಗಾಂಧೀಜಿ! ಈ ಐದು ವರ್ಷಗಳಲ್ಲಿ ದೇಶ ಎಷ್ಟು ಬದಲಾಗಿತ್ತು ಎಂಬುದಕ್ಕೆ ಇಷ್ಟು ಸಾಕು. ಹಿಂದೂಸ್ತಾನಿ ದವಾಖಾನಾದ ಲಾಭವನ್ನು ಅಜ್ಮಲ್ ಖಾನ್ ಮನೆಗೆ ಒಯ್ಯಲಿಲ್ಲ, ಕಾಲೇಜಿಗೆ ಕೊಟ್ಟರು.

ಹಾಗಾದರೆ ಅವರು ಚೀಟಿಯನ್ನು ಮಾರಿ ಚೀಟಿ ಬರೆಯುವವರನ್ನು ಬೆಳೆಸಿದರು ಎಂದು ನನಗೆ ಅನ್ನಿಸುತ್ತದೆ. ಇನ್ನೂ ಒಂದು ಮಾತಿದೆ. ಖಮೀರಾ, ಮಾಜೂನ್, ಶರಬತ್ ಮುಂತಾದ ತಯಾರಿ ಔಷಧಗಳು ಮೊದಲಿನಿಂದಲೂ ಗ್ರಂಥಗಳಲ್ಲಿವೆ. ಮಾಡಲು ದಿನಗಟ್ಟಲೆ ಹಿಡಿಯುವ ಇಂಥವನ್ನು ಪ್ರತಿ ರೋಗಿಗೆ ಹೊಸದಾಗಿ ಮಾಡಲಾಗದು. ಹಕೀಮರು ಇವನ್ನು ಡಬ್ಬಿಯಿಂದ ತೆಗೆದು, ಯಾರಿಗೆ, ಎಷ್ಟು, ಯಾವ ಕಷಾಯದ ಜೊತೆ ಎಂದು ಚೀಟಿಯಲ್ಲಿ ಬರೆಯುತ್ತಿದ್ದರು. ಡಬ್ಬಿ ಒಂದೇ ಇದ್ದರೂ ಚೀಟಿ ಬೇರೆಯಾಗಿರುತ್ತಿತ್ತು. ನಮ್ಮ ಮನೆಯಲ್ಲಿ ಇಲ್ಲದಿದ್ದದ್ದು ಅದೇ, ಕೇಳಿ ಬರೆಯುವವರು. ಆದರೂ ನನ್ನ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಹೆಚ್ಚು ತಯಾರಿಸಿದಷ್ಟೂ ಒಂದೊಂದರ ವೆಚ್ಚ ಕಡಿಮೆ ಎಂದು ವ್ಯವಹಾರ ಅಧ್ಯಯನದಲ್ಲಿ ಓದಿದ್ದೇವೆ. ಆ ಲೆಕ್ಕ ಒಮ್ಮೆ ಶುರುವಾದರೆ ಡಬ್ಬಿ ಉಳಿದು ಚೀಟಿ ಹೋಗುತ್ತದೆ. ಇಂದು ಅಂಗಡಿಯಲ್ಲಿ ಜೋಷಾಂದಾ ಪುಡಿಯ ಪೊಟ್ಟಣ ಸಿಗುತ್ತದೆ, ಕೊಳ್ಳುವವರ ವಯಸ್ಸನ್ನು ಯಾರೂ ಕೇಳುವುದಿಲ್ಲ.

ರಾಜಕೀಯದ ಬಗ್ಗೆ ಇತಿಹಾಸ ಪುಸ್ತಕದಲ್ಲಿ ಇರುವುದರಿಂದ ಬೇಗ ಹೇಳುತ್ತೇನೆ. ಸರ್ಕಾರ ಅವರಿಗೆ ಹಾಜಿಕುಲ್ ಮುಲ್ಕ್ ಎಂಬ ಬಿರುದು ಕೊಟ್ಟಿತ್ತು, ದೇಶದ ನಿಪುಣ ವೈದ್ಯ ಎಂದು ಅರ್ಥ. 1920ರಲ್ಲಿ ಅಸಹಕಾರ ಚಳವಳಿ ಬಂದಾಗ ಬಿರುದನ್ನೂ ಪದಕವನ್ನೂ ಹಿಂದಿರುಗಿಸಿದರು. ಜನ ಅವರನ್ನು ಮಸೀಹುಲ್ ಮುಲ್ಕ್ ಎಂದು ಕರೆದರು. ಮುಸ್ಲಿಂ ಲೀಗಿನ ಅಧ್ಯಕ್ಷರಾಗಿದ್ದರು. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನಕ್ಕೆ ಆಯ್ಕೆಯಾಗಿದ್ದ ಸಿ.ಆರ್. ದಾಸ್ ಜೈಲಿನಲ್ಲಿದ್ದುದರಿಂದ ಅವರ ಜಾಗದಲ್ಲಿ ಅಧ್ಯಕ್ಷತೆ ವಹಿಸಿದರು. ಅಲಿಗಢದಲ್ಲಿ 1920ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಶುರುವಾದಾಗ ಅದರ ಮೊದಲ ಕುಲಾಧಿಪತಿ ಅವರೇ. ಖಿಲಾಫತ್ ಚಳವಳಿ ನಿಂತ ಮೇಲೆ ಜಾಮಿಯಾಕ್ಕೆ ದುಡ್ಡು ಬರುವುದು ನಿಂತಿತು, ಮುಚ್ಚಿಬಿಡೋಣ ಎನ್ನುವ ಮಾತು ಬಂತು. ಅವರು ಅದನ್ನು 1925ರಲ್ಲಿ ದೆಹಲಿಯ ಕರೋಲ್ ಬಾಗ್‌ಗೆ, ತಮ್ಮ ತಿಬ್ಬಿಯಾ ಕಾಲೇಜಿನ ನೆರೆಗೆ ತಂದು, ಕೈಯಿಂದ ಖರ್ಚು ಹಾಕಿ ನಡೆಸಿದರು. ಇಂದು ಅದು ಕೇಂದ್ರೀಯ ವಿಶ್ವವಿದ್ಯಾಲಯ.

ನಮ್ಮ ಕಡೆಯಲ್ಲಿ ಇಂಥವರು ಯಾರಾದರೂ ಇದ್ದರೇ ಎಂದು ಕನ್ನಡ ಉಪನ್ಯಾಸಕರನ್ನು ಕೇಳಿದೆ. ಅವರು ಪಂಡಿತ್ ತಾರಾನಾಥರ ಹೆಸರು ಹೇಳಿದರು. ಮಂಗಳೂರಿನಲ್ಲಿ ಹುಟ್ಟಿ, ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿ, ತುಂಗಭದ್ರಾ ದಂಡೆಯಲ್ಲಿ ಪ್ರೇಮಾಯತನ ಎಂಬ ಆಶ್ರಮ ಮಾಡಿ, ರೋಗಿಗಳಿಗೆ ಔಷಧ ಕೊಡುತ್ತಿದ್ದವರು. ಶಾಲೆಗೆ ಉರ್ದು ಹೆಸರು, ಆಶ್ರಮಕ್ಕೆ ಸಂಸ್ಕೃತದ ಹೆಸರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗಾರ. ನಮ್ಮ ಅಣೆಕಟ್ಟಿನಿಂದ ಕೆಳಗೆ ಹರಿದು ಹೋಗುವ ಅದೇ ನದಿಯ ದಂಡೆ ಅದು. ಅವರ ಬಗ್ಗೆ ಮುಂದಿನ ಸಂಚಿಕೆಗೆ ಯಾರಾದರೂ ಬರೆಯಲಿ.

ಅಜ್ಮಲ್ ಖಾನ್ ಅವರಿಗೆ ಹೃದಯದ ಕಾಯಿಲೆ ಇತ್ತು. 1927ರ ಡಿಸೆಂಬರಿನಲ್ಲಿ, ಅರವತ್ತು ತುಂಬುವ ಮೊದಲೇ ತೀರಿಕೊಂಡರು.

ಅವರ ನಂತರ ನಡೆದದ್ದನ್ನು ಹೇಳದೆ ಬಿಟ್ಟರೆ ಲೇಖನ ಅರ್ಧವಾಗುತ್ತದೆ. ಸಲೀಮುಜ್ಜಮಾನ್ ಸಿದ್ದೀಕಿ ಎಂಬ ಯುವಕ ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದರು, ಅವರಿಗೆ ಬೆಂಬಲವಾಗಿ ನಿಂತವರು ಅಜ್ಮಲ್ ಖಾನ್. ಮೂಲಿಕೆಗಳಲ್ಲಿ ನಿಜವಾಗಿ ಏನಿದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕೆಂಬುದು ಇವರ ಆಸೆ. ಸಿದ್ದೀಕಿಯವರು ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆ ಶುರು ಮಾಡಿ, 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದು ಹೃದಯದ ಬಡಿತದ ಮೇಲೆ ಕೆಲಸ ಮಾಡುತ್ತದೆ. ಬ್ರುಗಾಡಾ ಎಂಬ ಕಾಯಿಲೆಯಲ್ಲಿ ಮೇಲ್ನೋಟಕ್ಕೆ ಆರೋಗ್ಯವಂತರಾಗಿ ಕಾಣುವವರ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಅದು ಯಾರಲ್ಲಿ ಅಡಗಿದೆ ಎಂದು ಪತ್ತೆ ಮಾಡಲು ಇಂದಿಗೂ ಡಾಕ್ಟರರು ಅಜ್ಮಲೀನ್ ಬಳಸುತ್ತಾರೆ. ರೋಗಿಯನ್ನು ಮಲಗಿಸಿ, ಇಸಿಜಿ ಹಚ್ಚಿ, ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡುತ್ತಾರೆ. ಒಬ್ಬರ ಇಸಿಜಿ ಮೊದಲಿನಂತೆಯೇ ಇರುತ್ತದೆ, ಇನ್ನೊಬ್ಬರದು ಬದಲಾಗಿಬಿಡುತ್ತದೆ.

ದಾದಿಗೆ ಇದನ್ನೆಲ್ಲ ಉರ್ದುವಿನಲ್ಲಿ ಓದಿ ಹೇಳಿದೆ. ಅವರು ಕೇಳಿ, ಡಬ್ಬಿಯಿಂದ ಚೀಟಿ ತೆಗೆಸಿ, ದಾದಾ ಅವರ ಹೆಸರಿದ್ದ ಮೂಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಮಡಚಿ ಒಳಗಿಟ್ಟರು.

ಹೋದ ವಾರ ಅಬ್ಬಾ ಅವರಿಗೆ ಗಂಟಲು ಕಟ್ಟಿತ್ತು, ಸ್ವಲ್ಪ ಜೇಷ್ಠಮಧು ತರಲು ಕಳಿಸಿದರು. ಗ್ರಂಧಿಗೆ ಅಂಗಡಿಯಲ್ಲಿ ವಯಸ್ಸಾದ ಮಾಲೀಕರೇ ಕೂತಿದ್ದರು. ಯಾರಿಗೆ ಎಂದು ಕೇಳಿದರು. ಅಬ್ಬಾ ಅವರಿಗೆ ಎಂದೆ. ವಯಸ್ಸೆಷ್ಟು, ಬಿಪಿ ಇದೆಯೇ ಎಂದು ಕೇಳಿದರು. ನಲವತ್ತಾರು, ಬಿಪಿ ಇಲ್ಲ, ಹೋದ ತಿಂಗಳಷ್ಟೇ ಪರೀಕ್ಷೆ ಮಾಡಿಸಿದ್ದಾರೆ ಎಂದೆ. ಆಮೇಲೆ ತಕ್ಕಡಿ ಎತ್ತಿದರು.